ಉಪಕಾರಿ ಗುಲಗಂಜಿ ಹುಳು ಉಪದ್ರವಿಯಾದ ಬಗೆ

ಅಲಸಂದೆ, ಹತ್ತಿ, ಕುಸುಬೆ ಅಥವಾ ಜೋಳದ ಬೆಳೆಗೆ ಸಸ್ಯಹೇನು ಮುತ್ತಿದಾಗ ಅದರ ಬೆನ್ನಹಿಂದೆಯೇ ಗುಲಗಂಜಿ ಹುಳು ಬರುವುದನ್ನು ನಮ್ಮ ರೈತರು ಬಲ್ಲರು. ಕಡಲೆಬೇಳೆಯನ್ನು ಕವುಚಿಟ್ಟಂತೆ ಗುಂಡಗೆ ಉಬ್ಬಿದ ಮೈ, ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ಗಟ್ಟಿ ಮೇಲ್ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ ಅಥವಾ ಪಟ್ಟೆ, ಇವು ಈ ಹುಳುವಿನ ಗುರುತುಗಳು. ನೋಡಲು ಗುಲಗಂಜಿ ಬೀಜದಂತಿರುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಜಗತ್ತಿನಲ್ಲಿ ಈ ಕುಟುಂಬಕ್ಕೆ ಸೇರಿದ ಸುಮಾರು 6,000 ಜಾತಿಗಳಿವೆ. ಅವುಗಳಲ್ಲಿ ಬಹುಪಾಲು ಸಸ್ಯಹೇನು, ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳನ್ನು ತಿಂದು ಬದುಕುವ ಪರಭಕ್ಷಕಗಳು. ಆದ್ದರಿಂದಲೇ ಇವುಗಳನ್ನು ರೈತನ ಮಿತ್ರ ಎಂದು ಕರೆಯುವುದು ವಾಡಿಕೆ.

ಇಂತಹ ಮಿತ್ರಕೀಟಗಳ ಪೈಕಿ ಒಂದು ಜಾತಿಯನ್ನು ಅಮೆರಿಕ ಮತ್ತು ಯೂರೋಪಿನ ದೇಶಗಳು ತಾವೇ ಕರೆತಂದು, ಸಾಕಿ, ತೋಟಗಳಲ್ಲಿ ಬಿಟ್ಟವು. ಇಂದು ಅದೇ ದೇಶಗಳಲ್ಲಿ ಅದು ಪೀಡೆ ಎನಿಸಿಕೊಂಡಿದೆ. ಅಲ್ಲಿನ ಸ್ಥಳೀಯ ಗುಲಗಂಜಿ ಹುಳುಗಳನ್ನು ಅದು ಹಿಂದಕ್ಕೆ ತಳ್ಳಿದೆ, ಹಣ್ಣಿನ ತೋಟಗಳಿಗೆ ನಷ್ಟ ತಂದಿದೆ, ಚಳಿಗಾಲದಲ್ಲಿ ಮನೆಗಳೊಳಗೆ ಸಾವಿರಗಟ್ಟಲೆ ಸೇರಿ ಜನರಿಗೆ ತೊಂದರೆ ಕೊಡುತ್ತಿದೆ. ಕೀಟವೊಂದನ್ನು ತವರಿನಿಂದ ಬೇರೆಡೆಗೆ ಸಾಗಿಸುವಾಗ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಇದು ತಕ್ಕ ನಿದರ್ಶನ. ಜೈವಿಕ ಹತೋಟಿಯ ಕಡೆಗೆ ಒಲವು ಹೆಚ್ಚುತ್ತಿರುವ ಈ ದಿನಗಳಲ್ಲಿ ನಮ್ಮ ರೈತರೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ತವರು ಮತ್ತು ಗುರುತು

ಈ ಹುಳುವಿನ ಶಾಸ್ತ್ರೀಯ ಹೆಸರು ಹಾರ್ಮೋನಿಯ ಆಕ್ಸಿರಿಡಿಸ್. ಇಂಗ್ಲಿಷ್ ಬಲ್ಲ ನಾಡುಗಳಲ್ಲಿ ಇದನ್ನು ಹಾರ್ಲೆಕ್ವಿನ್ ಗುಲಗಂಜಿ ಹುಳು ಎನ್ನುತ್ತಾರೆ. ಇಟಲಿಯ ಹಳೆಯ ನಾಟಕಗಳಲ್ಲಿ ಬಣ್ಣಬಣ್ಣದ ತೇಪೆಗಳ ಅಂಗಿ ತೊಟ್ಟು ಬರುವ ವಿದೂಷಕನ ಹೆಸರು ಹಾರ್ಲೆಕ್ವಿನ್. ಈ ಹುಳುವೂ ಒಂದೇ ಬಣ್ಣದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಿತ್ತಳೆ ಬಣ್ಣದ ಮೈಮೇಲೆ ಹಲವು ಕಪ್ಪು ಚುಕ್ಕೆಗಳಿರುವುದು ಒಂದು ಬಗೆ. ಚುಕ್ಕೆಯೇ ಇಲ್ಲದ್ದು ಇನ್ನೊಂದು. ಕಪ್ಪು ಮೈಮೇಲೆ ಎರಡು ಅಥವಾ ನಾಲ್ಕು ಕೆಂಪು ಮಚ್ಚೆಗಳಿರುವುದು ಮತ್ತೊಂದು. ಹೀಗೆ ನೂರಕ್ಕೂ ಹೆಚ್ಚು ವರ್ಣಭೇದಗಳು ದಾಖಲಾಗಿವೆ. ಕಿತ್ತಳೆ ಬಗೆಯಲ್ಲಿ ತಲೆಯ ಹಿಂದಿನ ಬಿಳಿ ಭಾಗದ ಮೇಲೆ ಇಂಗ್ಲಿಷಿನ 'ಎಂ' ಅಕ್ಷರವನ್ನು ಹೋಲುವ ಕಪ್ಪು ಗುರುತು ಸಾಮಾನ್ಯವಾಗಿ ಕಾಣುತ್ತದೆ. ಹುಳುವಿನ ಉದ್ದ 5ರಿಂದ 8 ಮಿ.ಮೀ.

ಸೈಬೀರಿಯಾದ ದಕ್ಷಿಣ ಭಾಗ, ಮಂಗೋಲಿಯ, ಚೀನಾ, ಕೊರಿಯ ಮತ್ತು ಜಪಾನ್ ಇದರ ತವರು. ಅಲ್ಲಿ ಇದು ಹೆಚ್ಚಾಗಿ ಮರಗಳ ಮೇಲಿನ ಸಸ್ಯಹೇನುಗಳನ್ನು ತಿಂದು ಬದುಕುತ್ತದೆ. ಹೆಣ್ಣು ಹುಳು ಎಲೆಗಳ ಮೇಲೆ 20ರಿಂದ 30 ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ತನ್ನ ಜೀವಿತಾವಧಿಯಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆಯಿಂದ ಹೊರಬಂದ ಮರಿಹುಳು ಕಪ್ಪಗಿದ್ದು, ಬೆಳೆದಂತೆ ಪಕ್ಕೆಗಳಲ್ಲಿ ಕಿತ್ತಳೆ ಪಟ್ಟೆ ಮೂಡುತ್ತದೆ, ಮೈತುಂಬ ಮುಳ್ಳುಗಳಿರುತ್ತವೆ. ನಾಲ್ಕು ಹಂತಗಳಲ್ಲಿ ಬೆಳೆದು ಅದು ಕೋಶಾವಸ್ಥೆಗೆ ಹೋಗುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪ್ರೌಢ ಕೀಟವಾಗಲು ಮೂರು ವಾರದಷ್ಟು ಕಾಲ ಸಾಕು. ಕೋಶವಾಗುವ ಮೊದಲು ಒಂದೊಂದು ಮರಿಹುಳುವೂ 100ರಿಂದ 300ಕ್ಕೂ ಹೆಚ್ಚು ಹೇನುಗಳನ್ನು ತಿನ್ನಬಲ್ಲದು. ಈ ಹೊಟ್ಟೆಬಾಕತನವೇ ಪರದೇಶದವರ ಗಮನ ಸೆಳೆಯಿತು.

ಕರೆತಂದ ಕಾರಣ

ಒಂದು ದೇಶದ ಗುಲಗಂಜಿ ಹುಳುವನ್ನು ಇನ್ನೊಂದು ದೇಶಕ್ಕೆ ಒಯ್ದು ಬಿಡುವ ಆಲೋಚನೆಗೆ ಬಲವಾದ ಆಧಾರವಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1880ರ ದಶಕದಲ್ಲಿ ಐಸೀರಿಯ ಎಂಬ ಬಿಳಿ ಶಲ್ಕ ಕೀಟ ನಿಂಬೆ ಮತ್ತು ಕಿತ್ತಳೆ ತೋಟಗಳನ್ನು ನಾಶದ ಅಂಚಿಗೆ ತಂದಿತು. ಆ ಕೀಟದ ತವರು ಆಸ್ಟ್ರೇಲಿಯ. ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಅಲ್ಲಿಗೆ ಹೋಗಿ, ಆ ಶಲ್ಕ ಕೀಟವನ್ನು ತಿನ್ನುವ ರೊಡೋಲಿಯ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳುಹಿಸಿದ. 1888ರ ಕೊನೆ ಮತ್ತು 1889ರ ಆರಂಭದಲ್ಲಿ ಬಂದ ಮೊದಲ ಮೂರು ಕಂತುಗಳಲ್ಲಿ ಇದ್ದದ್ದು 129 ಹುಳುಗಳು ಮಾತ್ರ. ಒಂದೆರಡು ವರ್ಷಗಳಲ್ಲಿ ಅವುಗಳ ಸಂತತಿ ತೋಟಗಳನ್ನು ಉಳಿಸಿತು. ಈ ಯಶಸ್ಸಿನಿಂದ ಉತ್ತೇಜಿತರಾದ ವಿಜ್ಞಾನಿಗಳು ಬೇರೆ ಬೇರೆ ದೇಶಗಳಿಂದ ಅನೇಕ ಜಾತಿಗಳನ್ನು ತರಿಸತೊಡಗಿದರು.

ಹಾರ್ಲೆಕ್ವಿನ್ ಹುಳುವನ್ನು ಅಮೆರಿಕದಲ್ಲಿ ಮೊದಲ ಬಾರಿ ಬಿಟ್ಟದ್ದು 1916ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಗ ಅದು ನೆಲೆಯೂರಲಿಲ್ಲ. ಮುಂದೆ ಹಲವು ಬಾರಿ, ವಿಶೇಷವಾಗಿ 1970ರ ದಶಕದ ಕೊನೆ ಮತ್ತು 1980ರ ದಶಕದ ಆರಂಭದಲ್ಲಿ, ಪೀಕಾನ್ ಎಂಬ ಬೀಜದ ಮರಗಳ ಹೇನು ಹಾಗೂ ಇತರ ಹೇನುಗಳ ಹತೋಟಿಗೆಂದು ಅನೇಕ ರಾಜ್ಯಗಳಲ್ಲಿ ಇದನ್ನು ಬಿಡಲಾಯಿತು. ಆಗಲೂ ನೆಲೆಗೊಂಡ ಸುಳಿವು ಕೂಡಲೇ ಸಿಗಲಿಲ್ಲ. 1988ರಲ್ಲಿ ಲೂಸಿಯಾನ ರಾಜ್ಯದಲ್ಲಿ ಇದು ತಾನಾಗಿ ಬದುಕಿ ಬೆಳೆಯುತ್ತಿರುವುದು ಕಂಡುಬಂತು. ಯೂರೋಪಿನಲ್ಲಿ ಫ್ರಾನ್ಸ್ ದೇಶದ ಸಂಶೋಧಕರು 1982ರಲ್ಲಿ ಚೀನಾದಿಂದ ಇದನ್ನು ತರಿಸಿ ಸಾಕಿದರು. 1990ರ ದಶಕದ ಮಧ್ಯದಿಂದ ಗಾಜಿನ ಮನೆ ಮತ್ತು ತೋಟಗಳಲ್ಲಿ ಬಿಡಲು ಇದರ ಮಾರಾಟವೂ ಆರಂಭವಾಯಿತು.

ಹರಡಿದ ಬಗೆ

ಎಪ್ಪತ್ತು ವರ್ಷ ನೆಲೆಯೂರದ ಹುಳು ಒಮ್ಮೆ ಬೇರು ಬಿಟ್ಟ ಮೇಲೆ ಹಿಂದಿರುಗಿ ನೋಡಲಿಲ್ಲ. 1988ರ ನಂತರ ಕೆಲವೇ ವರ್ಷಗಳಲ್ಲಿ ಅದು ಅಮೆರಿಕದ ಬಹುಭಾಗವನ್ನೂ ಕೆನಡಾದ ದಕ್ಷಿಣ ಪ್ರದೇಶವನ್ನೂ ವ್ಯಾಪಿಸಿತು. ಯೂರೋಪಿನಲ್ಲಿ 2000ದ ಸುಮಾರಿಗೆ ಜರ್ಮನಿ ಮತ್ತು ಬೆಲ್ಜಿಯಂ ದೇಶಗಳ ಬಯಲಿನಲ್ಲಿ ಕಾಣಿಸಿಕೊಂಡಿತು. ಬ್ರಿಟನ್ ಇದನ್ನು ಎಂದೂ ತರಿಸಿರಲಿಲ್ಲ. ಆದರೂ 2004ರಲ್ಲಿ ಎಸೆಕ್ಸ್ ಪ್ರಾಂತದಲ್ಲಿ ಅದು ಪತ್ತೆಯಾಯಿತು. ಅಲ್ಲಿಂದ ವರ್ಷಕ್ಕೆ ಸುಮಾರು 100 ಕಿ.ಮೀ. ವೇಗದಲ್ಲಿ ಹರಡಿತು. ದಕ್ಷಿಣ ಆಫ್ರಿಕದಲ್ಲಿ 2001ರಲ್ಲಿ, ಬ್ರೆಜಿಲ್‌ನಲ್ಲಿ 2002ರಲ್ಲಿ, ನ್ಯೂಜಿಲೆಂಡಿನಲ್ಲಿ 2016ರಲ್ಲಿ ಇದು ಇರುವುದು ಗೊತ್ತಾಯಿತು.

ಹುಳುವಿಗೆ ಗಡಿಯ ಕಟ್ಟುಪಾಡಿಲ್ಲ. ಗಾಳಿಯೊಡನೆ ಹಾರಿ, ಹೂವು, ಹಣ್ಣು, ಮರದ ದಿಮ್ಮಿ ಮತ್ತು ಸರಕಿನ ಪೆಟ್ಟಿಗೆಗಳಲ್ಲಿ ಅಡಗಿ ಅದು ಸಮುದ್ರ ದಾಟುತ್ತದೆ. ಬೇರೆ ಬೇರೆ ಖಂಡಗಳ ಹುಳುಗಳ ಅನುವಂಶಿಕ ಗುಣಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಮನಾರ್ಹ ಸಂಗತಿಯನ್ನು ಹೊರಗೆಡಹಿತು. ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಯೂರೋಪಿಗೆ ದಾಳಿಯಿಟ್ಟ ಹುಳುಗಳ ಮೂಲ ನೇರವಾಗಿ ಏಷ್ಯವಾಗಿರಲಿಲ್ಲ. ಅಮೆರಿಕದ ಪೂರ್ವಭಾಗದಲ್ಲಿ ನೆಲೆಯೂರಿದ್ದ ಸಂತತಿಯೇ ಅಲ್ಲಿಂದ ಹೊರಟು ಈ ಮೂರೂ ಖಂಡಗಳಿಗೆ ಹೋಗಿತ್ತು. ಯೂರೋಪಿನಲ್ಲಿ ಅದು ಅಲ್ಲಿ ಸಾಕಿ ಬಿಟ್ಟಿದ್ದ ಹುಳುಗಳೊಡನೆ ಬೆರೆಯಿತು. ಎಂದರೆ, ಒಂದು ದೇಶದಲ್ಲಿ ಬಿಟ್ಟ ಕೀಟದ ಹೊಣೆ ಆ ದೇಶಕ್ಕಷ್ಟೇ ಸೀಮಿತವಾಗಲಿಲ್ಲ. ಎಂದೂ ತರಿಸದ ನಾಡುಗಳೂ ಅದರ ಫಲ ಉಣ್ಣಬೇಕಾಯಿತು.

ಉಪಕಾರವೂ ಉಂಟು

ಈ ಹುಳುವಿನಿಂದ ಪ್ರಯೋಜನವೇ ಆಗಿಲ್ಲವೆಂದು ಹೇಳುವುದು ಸರಿಯಾಗಲಾರದು. ಅಮೆರಿಕದ ಪೀಕಾನ್ ಮತ್ತು ಸೇಬಿನ ತೋಟಗಳಲ್ಲಿ ಇದು ಹೇನುಗಳ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿದೆ. 2000ದಲ್ಲಿ ಏಷ್ಯ ಮೂಲದ ಸೋಯಾ ಅವರೆಯ ಹೇನು ಅಮೆರಿಕದಲ್ಲಿ ಕಾಣಿಸಿಕೊಂಡಾಗ ಅದನ್ನು ತಿಂದ ಪರಭಕ್ಷಕಗಳಲ್ಲಿ ಇದು ಮುಖ್ಯವಾದುದು. ತಿನ್ನುವುದರಲ್ಲಿ ಇದು ಯಾವ ಸ್ಥಳೀಯ ಜಾತಿಗೂ ಕಡಿಮೆಯಲ್ಲ. ಆದರೆ ಸೋಯಾ ಅವರೆಯ ಹೇನು ಹೆಚ್ಚಾದಂತೆ ಈ ಹುಳುವೂ ಹೆಚ್ಚಿತು. ಬೆಳೆ ಕೊಯ್ಲಾಗಿ ಹೇನು ಮುಗಿದ ಕೂಡಲೇ ಅಷ್ಟೂ ಹುಳುಗಳು ಹೊಲ ಬಿಟ್ಟು ಹಣ್ಣಿನ ತೋಟಗಳಿಗೂ ಊರುಗಳಿಗೂ ನುಗ್ಗಿದವು. ಲಾಭ ಒಬ್ಬ ರೈತನ ಹೊಲದಲ್ಲಿ, ನಷ್ಟ ಇನ್ನೊಬ್ಬನ ತೋಟದಲ್ಲಿ ಎಂಬ ಪರಿಸ್ಥಿತಿ ಉಂಟಾಯಿತು.

ಸ್ಥಳೀಯ ಜಾತಿಗಳ ಮೇಲೆ ಪರಿಣಾಮ

ಅತ್ಯಂತ ದೊಡ್ಡ ಪೆಟ್ಟು ಬಿದ್ದದ್ದು ಆಯಾ ನಾಡಿನ ಸ್ಥಳೀಯ ಗುಲಗಂಜಿ ಹುಳುಗಳಿಗೆ. ಬ್ರಿಟನ್ನಿನಲ್ಲಿ ಸಾರ್ವಜನಿಕರು ಹುಳುಗಳನ್ನು ನೋಡಿ ವರದಿ ಮಾಡುವ ಪದ್ಧತಿ ಮೊದಲಿನಿಂದ ಇತ್ತು. ಹಾರ್ಲೆಕ್ವಿನ್ ಬರುವ ಮೊದಲು ಎಷ್ಟು ಹುಳುಗಳಿದ್ದವು, ಬಂದ ಮೇಲೆ ಎಷ್ಟು ಉಳಿದವು ಎಂಬುದನ್ನು ಹೋಲಿಸಲು ಈ ದಾಖಲೆಗಳು ನೆರವಾದವು. 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಾರ್ಲೆಕ್ವಿನ್ ಬಂದ ಐದು ವರ್ಷಗಳಲ್ಲಿ ಎರಡು ಚುಕ್ಕೆಯ ಗುಲಗಂಜಿ ಹುಳು ಬ್ರಿಟನ್ನಿನಲ್ಲಿ ಶೇ. 44ರಷ್ಟು, ಬೆಲ್ಜಿಯಂನಲ್ಲಿ ಶೇ. 30ರಷ್ಟು ಇಳಿಮುಖವಾಯಿತು. ಪರಿಶೀಲಿಸಿದ ಎಂಟು ಸ್ಥಳೀಯ ಜಾತಿಗಳ ಪೈಕಿ ಬ್ರಿಟನ್ನಿನಲ್ಲಿ ಏಳು, ಬೆಲ್ಜಿಯಂನಲ್ಲಿ ಐದು ಇಳಿಕೆ ತೋರಿದವು. ದಕ್ಷಿಣ ಅಮೆರಿಕದ ಚಿಲಿ ದೇಶದ ಲೂಸರ್ನ್ ಮೇವಿನ ಹೊಲಗಳಲ್ಲಿಯೂ ಇದೇ ಬಗೆಯ ಇಳಿಕೆ ಕಂಡುಬಂದಿದೆ.

ಎಲ್ಲ ಜಾತಿಗಳಿಗೂ ಒಂದೇ ಪ್ರಮಾಣದ ಹಾನಿಯಾಗಿಲ್ಲ. ಎರಡು ಚುಕ್ಕೆಯ ಹುಳು ಗಾತ್ರದಲ್ಲಿ ಚಿಕ್ಕದು. ಹಾರ್ಲೆಕ್ವಿನ್‌ನಂತೆಯೇ ಮರಗಳ ಮೇಲಿನ ಹೇನುಗಳನ್ನು ಅವಲಂಬಿಸಿದೆ. ಹೀಗಾಗಿ ಎರಡಕ್ಕೂ ಒಂದೇ ಮರ, ಒಂದೇ ಎಲೆ, ಒಂದೇ ಆಹಾರ. ಏಳು ಚುಕ್ಕೆಯ ಹುಳುವಾದರೋ ದೊಡ್ಡದು, ನೆಲಕ್ಕೆ ಹತ್ತಿರದ ಗಿಡಗಳಲ್ಲಿ ಹೆಚ್ಚಾಗಿ ಬದುಕುವಂತಹುದು. ಆದ್ದರಿಂದ ಬ್ರಿಟನ್ನಿನಲ್ಲಿ ಅದು ಹೆಚ್ಚು ಬಾಧೆಗೊಳಗಾಗಲಿಲ್ಲ.

ಸ್ಥಳೀಯ ಹುಳುಗಳು ಸೋಲುವುದಕ್ಕೆ ಮೂರು ಮುಖ್ಯ ಕಾರಣಗಳನ್ನು ಗುರುತಿಸಲಾಗಿದೆ.

ಮೊದಲನೆಯದು ಆಹಾರಕ್ಕಾಗಿ ಪೈಪೋಟಿ. ಬ್ರಿಟನ್ನಿನ ಬಹುತೇಕ ಗುಲಗಂಜಿ ಹುಳುಗಳು ವರ್ಷಕ್ಕೆ ಒಂದು ತಲೆಮಾರು ಮಾತ್ರ ಬೆಳೆಸುತ್ತವೆ. ಹಾರ್ಲೆಕ್ವಿನ್ ಎರಡು ತಲೆಮಾರು ಬೆಳೆಸುತ್ತದೆ. ಉಳಿದವು ವಿಶ್ರಾಂತಿಗೆ ಹೋಗುವ ಶರತ್ಕಾಲದಲ್ಲಿಯೂ ಇದರ ಮರಿಹುಳುಗಳು ತಿನ್ನುತ್ತಲೇ ಇರುತ್ತವೆ.

ಎರಡನೆಯದು ನೇರ ಬೇಟೆ. ಹೇನು ಕಡಿಮೆಯಾದಾಗ ಗುಲಗಂಜಿ ಹುಳುಗಳು ಒಂದರ ಮೊಟ್ಟೆ, ಮರಿಗಳನ್ನು ಇನ್ನೊಂದು ತಿನ್ನುವುದು ಸಹಜ. ಆದರೆ ಇಲ್ಲಿ ಕಾದಾಟ ಸಮಬಲದ್ದಲ್ಲ. ಹಾರ್ಲೆಕ್ವಿನ್ ಮರಿಹುಳು ದೊಡ್ಡದು, ಮುಳ್ಳಿನ ಕವಚವುಳ್ಳದ್ದು, ಮೈಯಲ್ಲಿ ಕಹಿ ವಿಷ ಪದಾರ್ಥಗಳನ್ನು ತುಂಬಿಕೊಂಡದ್ದು. ಅದು ಇತರ ಜಾತಿಗಳ ಮರಿಗಳನ್ನು ಸುಲಭವಾಗಿ ತಿನ್ನುತ್ತದೆ. ಅದನ್ನು ತಿನ್ನಲು ಇತರವು ಹಿಂಜರಿಯುತ್ತವೆ. ಯೂರೋಪಿನ ಬಯಲಿನಲ್ಲಿ ಹಿಡಿದ ಹಾರ್ಲೆಕ್ವಿನ್ ಮರಿಗಳನ್ನು ಪರೀಕ್ಷಿಸಿದಾಗ ಎರಡು ಚುಕ್ಕೆಯ ಹುಳುವನ್ನು ತಿಂದ ಕುರುಹುಗಳು ಅವುಗಳ ಮೈಯಲ್ಲಿಯೇ ಸಿಕ್ಕಿವೆ. ಹೇನು ತಿನ್ನುವ ಹಸಿರು ರೆಕ್ಕೆಯ ಕ್ರೈಸೋಪ ಕೀಟದ ಮರಿಗಳನ್ನೂ ಇದು ಬಿಡುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಹೇನು ಕಾಯಲು ಬಿಟ್ಟ ಹುಳು ಇತರ ಕಾವಲುಗಾರರನ್ನೇ ತಿಂದಿತು.

ಮೂರನೆಯದು ರೋಗಾಣು. ಹಾರ್ಲೆಕ್ವಿನ್ ಹುಳುವಿನ ದೇಹದ್ರವದಲ್ಲಿ ಮೈಕ್ರೊಸ್ಪೊರಿಡಿಯ ಎಂಬ ಅತಿಸೂಕ್ಷ್ಮ ಪರಾವಲಂಬಿಗಳು ಹೇರಳವಾಗಿರುವುದನ್ನು ಜರ್ಮನಿಯ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಹಾರ್ಲೆಕ್ವಿನ್‌ಗೆ ಇವುಗಳಿಂದ ಅಪಾಯವಿಲ್ಲ. ಪ್ರಯೋಗಶಾಲೆಯಲ್ಲಿ ಇವುಗಳನ್ನು ಏಳು ಚುಕ್ಕೆಯ ಹುಳುವಿನ ಮೈಗೆ ಸೇರಿಸಿದಾಗ ಅದು ಸತ್ತಿತು. ಹಾರ್ಲೆಕ್ವಿನ್‌ನ ಮೊಟ್ಟೆ ಅಥವಾ ಮರಿಯನ್ನು ತಿಂದ ಸ್ಥಳೀಯ ಹುಳು ತಿಂದದ್ದರಿಂದಲೇ ಸಾಯುವ ಸಂಭವವನ್ನು ಇದು ತೋರಿಸುತ್ತದೆ.

ಅಮೆರಿಕದಲ್ಲಿ ಇನ್ನೊಂದು ನಿದರ್ಶನವಿದೆ. ನಮ್ಮಲ್ಲಿ ಕುಸುಬೆ, ಗೋಧಿ ಮತ್ತು ಸಾಸಿವೆ ಬೆಳೆಗಳಲ್ಲಿ ಹೇನು ತಿನ್ನುವ ಏಳು ಚುಕ್ಕೆಯ ಗುಲಗಂಜಿ ಹುಳು ಆ ದೇಶಕ್ಕೆ ಪರಕೀಯ. ಅಲ್ಲಿಯೂ ಅದನ್ನು ಹೇನಿನ ಹತೋಟಿಗೆಂದೇ ಬಿಟ್ಟಿದ್ದರು. ಅದು ನೆಲೆಯೂರಿದ್ದು 1973ರಲ್ಲಿ ನ್ಯೂಜೆರ್ಸಿಯಲ್ಲಿ ಗೊತ್ತಾಯಿತು. ಅನಂತರದ ವರ್ಷಗಳಲ್ಲಿ ಅಲ್ಲಿನ ಸ್ಥಳೀಯವಾದ ಒಂಬತ್ತು ಚುಕ್ಕೆಯ ಹುಳು ಕಣ್ಮರೆಯಾಗುತ್ತ ಬಂತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಈ ಒಂಬತ್ತು ಚುಕ್ಕೆಯ ಹುಳುವನ್ನು ತನ್ನ ರಾಜ್ಯ ಕೀಟವೆಂದು ಘೋಷಿಸಿದಾಗ ಆ ರಾಜ್ಯದಲ್ಲಿ ಅದು ಹುಡುಕಿದರೂ ಸಿಗದಂತಾಗಿತ್ತು. ಅದು ಮತ್ತೆ ಕಾಣಿಸಿದ್ದು 2011ರಲ್ಲಿ. ಪರಕೀಯ ಜಾತಿಗಳ ಪೈಪೋಟಿ ಇದಕ್ಕೆ ಒಂದು ಕಾರಣವೆಂದು ಶಂಕಿಸಲಾಗಿದೆ. ಒಂದೇ ಕೀಟ ಒಂದು ಹೊಲದಲ್ಲಿ ಮಿತ್ರ, ಇನ್ನೊಂದು ನಾಡಿನಲ್ಲಿ ಅತಿಕ್ರಮಿ ಆಗಬಹುದೆಂಬುದು ಇದರಿಂದ ಸ್ಪಷ್ಟ.

ಹಣ್ಣಿನ ತೋಟ ಮತ್ತು ಮನೆಗಳಿಗೆ ತೊಂದರೆ

ಶರತ್ಕಾಲದಲ್ಲಿ ಹೇನುಗಳು ಕಡಿಮೆಯಾದಾಗ ಹಾರ್ಲೆಕ್ವಿನ್ ಮಾಗಿದ ಸೇಬು, ಪೇರು ಮತ್ತು ದ್ರಾಕ್ಷಿಯ ರಸ ಹೀರಲು ತೋಟಗಳಿಗೆ ಬರುತ್ತದೆ. ಹಕ್ಕಿ ಕುಕ್ಕಿದ ಅಥವಾ ಬಿರುಕು ಬಿಟ್ಟ ಹಣ್ಣುಗಳೇ ಇದಕ್ಕೆ ಹೆಚ್ಚು ಪ್ರಿಯ. ದ್ರಾಕ್ಷಿ ಬೆಳೆಗಾರರಿಗೆ ಆಗುವ ನಷ್ಟ ಇನ್ನೂ ಹೆಚ್ಚಿನದು. ಗೊಂಚಲುಗಳ ನಡುವೆ ಅಡಗಿದ ಹುಳುಗಳು ಕೊಯ್ಲಿನಲ್ಲಿ ಹಣ್ಣಿನೊಡನೆ ಸೇರಿ ಅರೆದು ಹೋಗುತ್ತವೆ. ಅವುಗಳ ಮೈಯಲ್ಲಿರುವ ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕ ಅತಿ ಸ್ವಲ್ಪ ಪ್ರಮಾಣದಲ್ಲಿ ಬೆರೆತರೂ ದ್ರಾಕ್ಷಾರಸಕ್ಕೆ ಹಸಿ ಶೇಂಗಾ ಅಥವಾ ದೊಣ್ಣೆ ಮೆಣಸಿನಕಾಯಿಯ ವಾಸನೆ ಬರುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2001ರ ಸುಗ್ಗಿಯ ದ್ರಾಕ್ಷಾರಸ ಈ ಕಾರಣದಿಂದ ದೊಡ್ಡ ಪ್ರಮಾಣದಲ್ಲಿ ಕೆಟ್ಟಿತು.

ತವರಿನಲ್ಲಿ ಈ ಹುಳುಗಳು ಚಳಿಗಾಲವನ್ನು ಬಂಡೆಗಳ ಸಂದಿಯಲ್ಲಿ ಗುಂಪಾಗಿ ಕಳೆಯುತ್ತವೆ. ಹೊಸ ನಾಡುಗಳಲ್ಲಿ ತಿಳಿಬಣ್ಣದ ಗೋಡೆಯ ಮನೆಗಳು ಅವಕ್ಕೆ ಬಂಡೆಗಳಂತೆ ಕಾಣುತ್ತವೆ. ಕಿಟಕಿಯ ಸಂದು, ಅಟ್ಟ ಮತ್ತು ಮಾಡಿನ ಕೆಳಗೆ ನೂರಾರು, ಕೆಲವು ಕಡೆ ಸಾವಿರಾರು ಹುಳುಗಳು ಸೇರುತ್ತವೆ. ಮುಟ್ಟಿದರೆ ಕಾಲಿನ ಗಂಟುಗಳಿಂದ ಹಳದಿ ದ್ರವ ಒಸರಿ ಗೋಡೆ, ಬಟ್ಟೆಗಳಿಗೆ ಕಲೆ ಹಿಡಿಯುತ್ತದೆ. ಕೆಟ್ಟ ವಾಸನೆ ಬರುತ್ತದೆ. ಕೆಲವರಿಗೆ ಇದರಿಂದ ಸೀನು, ಕಣ್ಣುರಿ ಮತ್ತು ಉಬ್ಬಸದಂತಹ ಅಲರ್ಜಿ ಉಂಟಾಗಿರುವುದನ್ನು ವೈದ್ಯರು ದಾಖಲಿಸಿದ್ದಾರೆ.

ಹತೋಟಿ ಏಕೆ ಕಷ್ಟ?

ಮನೆಯೊಳಗಿನ ಹುಳುಗಳನ್ನು ಗುಡಿಸಿ ತೆಗೆಯಬಹುದು, ಕಿಟಕಿಯ ಸಂದುಗಳನ್ನು ಮುಚ್ಚಬಹುದು. ಬಯಲಿನಲ್ಲಿ ಹಾಗಲ್ಲ. ಕೀಟನಾಶಕ ಸಿಂಪಡಿಸಿದರೆ ಹಾರ್ಲೆಕ್ವಿನ್‌ಗಿಂತ ಮೊದಲು ಸಾಯುವುದು ಅದರೊಡನಿರುವ ಸ್ಥಳೀಯ ಹುಳುಗಳೇ. ಸ್ಥಳೀಯ ಶತ್ರುಗಳೂ ಇದರ ಮೇಲೆ ಹೆಚ್ಚು ಪ್ರಭಾವ ಬೀರಿಲ್ಲ. ಯೂರೋಪಿನಲ್ಲಿ ಗುಲಗಂಜಿ ಹುಳುಗಳ ಮೈಯೊಳಗೆ ಮೊಟ್ಟೆಯಿಡುವ ಒಂದು ಪುಟ್ಟ ಕಣಜವಿದೆ. ಏಳು ಚುಕ್ಕೆಯ ಹುಳುವಿನಲ್ಲಿ ಚೆನ್ನಾಗಿ ಬೆಳೆಯುವ ಅದರ ಮರಿ ಹಾರ್ಲೆಕ್ವಿನ್‌ನಲ್ಲಿ ಅಷ್ಟಾಗಿ ಬದುಕುವುದಿಲ್ಲ. ಮುಂದೆ ಫ್ರಾನ್ಸಿನಲ್ಲಿ ಹಾರಲಾರದ ಹಾರ್ಲೆಕ್ವಿನ್ ತಳಿಯನ್ನು ಆರಿಸಿ ಬೆಳೆಸಿದರು. ಬಿಟ್ಟ ತೋಟದಲ್ಲೇ ಅದು ಉಳಿಯಲಿ ಎಂಬುದು ಉದ್ದೇಶ. ಆದರೆ ಹಾರುವ ತಳಿ ಅಷ್ಟರಲ್ಲಿ ಕೈಮೀರಿತ್ತು.

ಕೀಟನಾಶಕಕ್ಕೂ ಜೀವಂತ ಕೀಟಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಮನಗಾಣಬೇಕು. ಔಷಧ ಹಾನಿಕರವೆಂದು ಗೊತ್ತಾದರೆ ಸಿಂಪರಣೆ ನಿಲ್ಲಿಸಬಹುದು. ಕಾಲಕ್ರಮದಲ್ಲಿ ಅದರ ಶೇಷ ಕಡಿಮೆಯಾಗುತ್ತದೆ. ಕೀಟವಾದರೋ ತಾನೇ ಮರಿ ಮಾಡಿ ತಾನೇ ಹರಡುತ್ತದೆ. ಜೈವಿಕ ಹತೋಟಿಯ ದೊಡ್ಡ ಅನುಕೂಲ ಇದೇ. ಆಯ್ಕೆ ತಪ್ಪಿದಾಗ ಅದರ ದೊಡ್ಡ ಅಪಾಯವೂ ಇದೇ. ಬಿಟ್ಟ ಬಾಣದಂತೆ ಬಿಟ್ಟ ಕೀಟವನ್ನೂ ಹಿಂದಕ್ಕೆ ಕರೆಯಲು ಬರುವುದಿಲ್ಲ.

ಪರದೇಶದ ಕೀಟವೆಲ್ಲ ಕೆಟ್ಟದ್ದೇ?

ಇಷ್ಟು ಓದಿದ ರೈತರಿಗೆ ಹೊರಗಿನಿಂದ ತಂದ ಕೀಟಗಳೆಲ್ಲ ಅಪಾಯಕಾರಿ ಎನಿಸಬಹುದು. ಹಾಗೆ ತಿಳಿಯಬೇಕಿಲ್ಲ. ಕ್ಯಾಲಿಫೋರ್ನಿಯಾವನ್ನು ಉಳಿಸಿದ ರೊಡೋಲಿಯ ಕೂಡ ಪರದೇಶಿಯೇ. ಅದು ಐಸೀರಿಯ ಮತ್ತು ಅದರ ಹತ್ತಿರದ ಕೆಲವು ಶಲ್ಕ ಕೀಟಗಳನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. 20ನೇ ಶತಮಾನದ ಮೊದಲ ಭಾಗದಲ್ಲಿ ನೀಲಗಿರಿಯಲ್ಲಿ ಇದೇ ಶಲ್ಕ ಕೀಟ ಹಬ್ಬಿದಾಗ ರೊಡೋಲಿಯವನ್ನು ಅಲ್ಲಿಗೂ ತಂದು ಬಿಡಲಾಯಿತು. ಅಪರೂಪದ ಜೀವಿಗಳಿಗೆ ಹೆಸರಾದ ಗಲಪಾಗೊಸ್ ದ್ವೀಪಗಳಲ್ಲಿ 2002ರಲ್ಲಿ ಇದನ್ನು ಬಿಡುವ ಮೊದಲು, ಅಲ್ಲಿನ ಬೇರೆ ಕೀಟಗಳನ್ನು ತಿನ್ನುತ್ತದೆಯೇ ಎಂದು ಪರೀಕ್ಷಿಸಿ ನೋಡಿದ್ದರು.

ಕರ್ನಾಟಕದ ಕಾಫಿ, ದ್ರಾಕ್ಷಿ ಮತ್ತು ನಿಂಬೆ ಜಾತಿಯ ತೋಟಗಳಲ್ಲಿ ಹಿಟ್ಟು ತಿಗಣೆಯ ಹತೋಟಿಗೆ ಬಳಸುವ ಕ್ರಿಪ್ಟೋಲೀಮಸ್ ದುಂಬಿ ಸಹ ಆಸ್ಟ್ರೇಲಿಯ ಮೂಲದ ಗುಲಗಂಜಿ ಹುಳು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು ನಿವಾರಿಸಲೆಂದು ಅದನ್ನು ದಕ್ಷಿಣ ಭಾರತಕ್ಕೆ ತಂದರು. ಆ ಕೆಲಸದಲ್ಲಿ ಅದು ಸಫಲವಾಗಲಿಲ್ಲ. ಹಿಟ್ಟು ತಿಗಣೆ ತಿನ್ನುವುದರಲ್ಲಿ ಮಾತ್ರ ಸಮರ್ಥವೆನಿಸಿತು. ದ್ರಾಕ್ಷಿಯಲ್ಲಿ ಬಳ್ಳಿಗೆ 10 ದುಂಬಿಗಳಂತೆ ಬಿಡಲು ಶಿಫಾರಸು ಇದೆ. ಪರಂಗಿ ಮತ್ತು ಹಿಪ್ಪುನೇರಳೆಯನ್ನು ಹಾಳುಗೆಡವಿದ ಪರಂಗಿ ಹಿಟ್ಟು ತಿಗಣೆ 2008ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡುಬಂತು. ರೇಷ್ಮೆ ಹುಳುವಿಗೆ ಅಪಾಯವಾಗುವುದರಿಂದ ಹಿಪ್ಪುನೇರಳೆಗೆ ಮನಬಂದಂತೆ ಔಷಧ ಹೊಡೆಯುವಂತಿರಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಎಂಬ ಅತಿ ಸಣ್ಣ ಪರತಂತ್ರ ಕಣಜವನ್ನು ತರಿಸಿ, ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ ಬಿಡುಗಡೆ ಮಾಡಿದರು. ತಿಗಣೆ ಶೀಘ್ರದಲ್ಲೇ ಹತೋಟಿಗೆ ಬಂತು.

ಈ ಉದಾಹರಣೆಗಳಿಗೂ ಹಾರ್ಲೆಕ್ವಿನ್‌ಗೂ ಇರುವ ಅಂತರ ಆಹಾರದ ವ್ಯಾಪ್ತಿಯದು. ಅಸೆರೊಫೇಗಸ್ ಕಣಜಕ್ಕೆ ಪರಂಗಿ ಹಿಟ್ಟು ತಿಗಣೆ ಬೇಕು. ತಿಗಣೆ ಕಡಿಮೆಯಾದರೆ ಕಣಜವೂ ಕಡಿಮೆಯಾಗುತ್ತದೆ. ಹಾರ್ಲೆಕ್ವಿನ್ ಹೇನು ಮುಗಿದರೆ ಶಲ್ಕ ಕೀಟ, ಚಿಟ್ಟೆಯ ಮೊಟ್ಟೆ, ಇತರ ಗುಲಗಂಜಿ ಹುಳು, ಕೊನೆಗೆ ಹಣ್ಣಿನ ರಸ, ಹೀಗೆ ಏನನ್ನಾದರೂ ತಿಂದು ಬದುಕುತ್ತದೆ. ಹೆಚ್ಚು ತಿನ್ನುತ್ತದೆ ಎಂಬ ಗುಣವನ್ನು ಮೆಚ್ಚಿ ಅದನ್ನು ಆರಿಸಿದರು; ಏನೇನು ತಿನ್ನುತ್ತದೆ ಎಂಬ ಪ್ರಶ್ನೆಗೆ ಅಷ್ಟು ಗಮನ ಕೊಡಲಿಲ್ಲ. ಇಂದು ಪರದೇಶದ ಕೀಟವನ್ನು ತರುವ ಮೊದಲು ಕೇಳುವ ಮೊದಲ ಪ್ರಶ್ನೆ ಅದೇ ಆಗಿದೆ. ನಮ್ಮ ದೇಶದಲ್ಲಿ 2003ರ ಸಸ್ಯ ಸಂಪರ್ಕ ನಿರೋಧ ಆಜ್ಞೆಯ ಪ್ರಕಾರ ಅನುಮತಿಯಿಲ್ಲದೆ ಜೀವಂತ ಕೀಟಗಳನ್ನು ಹೊರದೇಶದಿಂದ ತರುವಂತಿಲ್ಲ.

ನಮ್ಮ ಹೊಲದ ಮಿತ್ರರು

ಹೊರಗಿನ ಕೀಟದ ಮೊರೆ ಹೋಗುವ ಮೊದಲು ನಮ್ಮಲ್ಲೇ ಇರುವುದನ್ನು ನೋಡಬೇಕು. 2002ರಲ್ಲಿ ಕಬ್ಬಿನ ಬಿಳಿ ಉಣ್ಣೆ ಹೇನು ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಗೆ ಹಬ್ಬಿದಾಗ ರೈತರು ಕಂಗಾಲಾಗಿದ್ದರು. ಅದನ್ನು ತಹಬಂದಿಗೆ ತಂದದ್ದರಲ್ಲಿ ಡೈಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಕೀಟದ ಪಾತ್ರ ದೊಡ್ಡದು. ಎರಡೂ ಈ ನೆಲದವೇ. ಔಷಧ ಹೊಡೆಯದೆ ಬಿಟ್ಟ ಗದ್ದೆಗಳಲ್ಲಿ ಅವು ಹೆಚ್ಚಿದವು. ಅಲ್ಲಿಂದ ಎಲೆಗಳ ಸಮೇತ ಬೇರೆ ಗದ್ದೆಗಳಿಗೆ ಒಯ್ದು ಬಿಡಲೂ ಸಾಧ್ಯವಾಯಿತು.

ಈ ಹಿನ್ನೆಲೆಯಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಹೇನು ಕಂಡ ತಕ್ಷಣ ಸಿಂಪರಣೆಗೆ ತೊಡಗಬಾರದು. ಎಲೆಗಳ ಅಡಿಭಾಗವನ್ನು ನೋಡಿ ಗುಲಗಂಜಿ ಹುಳು, ಅದರ ಹಳದಿ ಮೊಟ್ಟೆಗಳ ಗುಂಪು ಮತ್ತು ಮರಿಹುಳುಗಳು ಇವೆಯೇ ಎಂದು ಪರೀಕ್ಷಿಸಬೇಕು. ಅವು ಹೆಚ್ಚಾಗಿದ್ದರೆ ಕೆಲವು ದಿನ ಕಾದು ನೋಡುವುದು ಲಾಭಕರ.

2. ಮರಿಹುಳುಗಳನ್ನು ಗುರುತಿಸಲು ಕಲಿಯಬೇಕು. ಕಪ್ಪು ಬೂದು ಬಣ್ಣದ, ಮೊಸಳೆಯಾಕಾರದ ಈ ಮರಿಗಳನ್ನು ಪೀಡೆಯೆಂದು ಭಾವಿಸಿ ಹೊಸಕಿ ಹಾಕುವವರುಂಟು. ಕ್ರಿಪ್ಟೋಲೀಮಸ್‌ನ ಮರಿ ಮೈತುಂಬ ಬಿಳಿ ಮೇಣವಿದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ; ಆದರೆ ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ.

3. ಗುಲಗಂಜಿ ಹುಳುಗಳೆಲ್ಲ ಮಿತ್ರರಲ್ಲ. ಬದನೆ ಎಲೆಯ ಹಸಿರನ್ನು ಕೆರೆದು ತಿಂದು ನರಗಳನ್ನಷ್ಟೇ ಉಳಿಸುವ ಎಪಿಲಾಕ್ನ ದುಂಬಿ ಇದೇ ಕುಟುಂಬದ್ದು. ಅದರ ಮೈ ಹೊಳಪಿಲ್ಲದೆ, ನವಿರಾದ ಕೂದಲಿನಿಂದ ಕೂಡಿರುತ್ತದೆ. ಮರಿಗಳು ಹಳದಿಯಾಗಿದ್ದು ಕವಲು ಮುಳ್ಳುಗಳನ್ನು ಹೊಂದಿರುತ್ತವೆ. ಹೇನು ತಿನ್ನುವ ಹುಳುಗಳ ಮೈ ನುಣುಪಾಗಿ ಹೊಳೆಯುತ್ತದೆ.

4. ದುಂಬಿಗಳನ್ನು ಬಿಟ್ಟ ತೋಟದಲ್ಲಿ ಇರುವೆಗಳನ್ನು ಹತೋಟಿಯಲ್ಲಿಡಬೇಕು. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನು ಕಾಯುತ್ತವೆ, ದುಂಬಿಗಳನ್ನು ಓಡಿಸುತ್ತವೆ. ದುಂಬಿ ಬಿಟ್ಟ ಮೇಲೆ ಕೀಟನಾಶಕ ಸಿಂಪಡಿಸಕೂಡದು.

5. ಉಪಕಾರಿ ಕೀಟಗಳನ್ನು ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಅಥವಾ ಇಲಾಖೆಯ ಪ್ರಯೋಗಾಲಯಗಳಿಂದ ಪಡೆಯಬೇಕು. ಬೇರೆ ಕಡೆ ಕೊಳ್ಳುವುದಿದ್ದರೆ ಅವರ ಸಲಹೆ ಪಡೆಯಬೇಕು. ಜಾತಿಯ ಹೆಸರು, ಮೂಲ ತಿಳಿಯದ ಕೀಟವನ್ನು ಯಾರೇ ಕೊಟ್ಟರೂ ತೋಟದಲ್ಲಿ ಬಿಡಬಾರದು.

6. ಹೊರದೇಶಗಳಿಗೆ ಹೋಗಿ ಬರುವ ಬಂಧುಗಳು ಗಿಡ, ಕಡ್ಡಿ, ಹಣ್ಣು, ಬೀಜಗಳನ್ನು ತಪಾಸಣೆಯಿಲ್ಲದೆ ತರದಂತೆ ತಿಳಿಹೇಳಬೇಕು. ಅದರೊಡನೆ ಏನು ಬರುತ್ತದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.

7. ಹೊಲದಲ್ಲಿ ಹಿಂದೆಂದೂ ನೋಡಿರದ ಕೀಟ ಹೆಚ್ಚಾಗಿ ಕಂಡರೆ ಕೆಲವನ್ನು ಸೀಸೆಯಲ್ಲಿ ಹಿಡಿದು, ಬೆಳೆ ಮತ್ತು ಊರಿನ ಹೆಸರು ಬರೆದು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. ಬ್ರಿಟನ್ನಿನಲ್ಲಿ ಹಾರ್ಲೆಕ್ವಿನ್ ಹರಡಿದ ಹಾದಿ ತಿಳಿದದ್ದು ಸಾಮಾನ್ಯ ಜನರು ಕಳುಹಿಸಿದ ಇಂತಹ ವರದಿಗಳಿಂದಲೇ.

ಹಾರ್ಲೆಕ್ವಿನ್ ಹುಳು ತನ್ನ ತವರಿನಲ್ಲಿ ಇಂದಿಗೂ ಉಪಕಾರಿಯೇ. ಅಲ್ಲಿ ಅದರ ಆಹಾರ, ಅದರ ಶತ್ರು, ಅದರ ಸ್ಪರ್ಧಿಗಳು ಒಂದರೊಡನೊಂದು ಹೊಂದಿಕೊಂಡಿವೆ. ಆ ಹೊಂದಾಣಿಕೆಯನ್ನು ಬಿಟ್ಟು ಹುಳುವನ್ನಷ್ಟೇ ಹಡಗು, ವಿಮಾನಗಳಲ್ಲಿ ಸಾಗಿಸಿದ್ದರಿಂದ ಕೇಡಾಯಿತು. ನಮ್ಮ ಅಲಸಂದೆ ಹೊಲದ ಗುಲಗಂಜಿ ಹುಳು ಇಂತಹುದೇ ಹೊಂದಾಣಿಕೆಯಲ್ಲಿ ಬೆಳೆದದ್ದು. ಅದನ್ನು ತರಿಸುವ ಖರ್ಚಿಲ್ಲ, ಸಾಕುವ ಶ್ರಮವಿಲ್ಲ. ಅನಾವಶ್ಯಕ ಸಿಂಪರಣೆಯಿಂದ ಅದನ್ನು ಕೊಲ್ಲದೆ ಬಿಟ್ಟರೆ ಅದರ ಕೆಲಸವನ್ನು ಅದು ಮಾಡುತ್ತದೆ.